ಓದುಗರ ಪ್ರಶ್ನೆ: ಕೋಟೆಯಲ್ಲಿ ಮಲಗುವ ಆಸೆಯುಳ್ಳವರಿಗೆ

ಹೋಟೆಲಾಗಿ ಬದಲಾದ ಹಳೆಯ ಕೋಟೆಗಳಲ್ಲಿ ತಂಗುವ ಬಗ್ಗೆ ಪ್ರಶ್ನೆ ಕಳಿಸಿ ಎಂದದ್ದಕ್ಕೆ ಮೇಜಿನ ಮೇಲೆ ಪತ್ರಗಳ ರಾಶಿಯೇ ಬಿದ್ದಿದೆ. ‘ಎಷ್ಟು ಖರ್ಚಾಗುತ್ತದೆ?’ ಎಂದಷ್ಟೇ ಕೇಳಿದವರು ಕ್ಷಮಿಸಬೇಕು. ಬಾಡಿಗೆ ದಿನಕ್ಕೊಂದು ಬಗೆ ಏರಿಳಿಯುತ್ತದೆ. ನಾನು ಬರೆದ ಅಂಕಿ ಅಚ್ಚಾಗುವಷ್ಟರಲ್ಲಿ ಹಳಸಿರುತ್ತದೆ. ಪ್ರವಾಸಿ ತಂಡಗಳನ್ನು ಕರೆದೊಯ್ಯುವುದೇ ಕಸುಬಾಗಿದ್ದವಳು ನಾನು. ಕೋಟೆ ಎಂದರೆ ನನಗೆ ಮೊದಲು ನೆನಪಾಗುವುದು ಮೆಟ್ಟಿಲು, ಆಮೇಲೆ ಇತಿಹಾಸ. ಉತ್ತರಗಳಲ್ಲೂ ಅದೇ ಕ್ರಮ ಕಂಡರೆ ಬೇಸರಿಸಬೇಡಿ.

ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬುವ ನೆಪದಲ್ಲಿ ಡಿಸೆಂಬರ್‌ನಲ್ಲಿ ರಾಜಸ್ಥಾನಕ್ಕೆ ಹೊರಟಿದ್ದೇವೆ. ನೀಮ್ರಾಣಾ ಕೋಟೆಯಲ್ಲಿ ಎರಡು ರಾತ್ರಿ ಕಾಯ್ದಿರಿಸುವ ಯೋಚನೆ ಇದೆ. ಜೊತೆಗೆ ಅತ್ತೆಯವರೂ ಬರುತ್ತಾರೆ. ಅವರಿಗೆ ಎಪ್ಪತ್ತನಾಲ್ಕು ವರ್ಷ, ಮಂಡಿನೋವಿದೆ. ಸರಿಯಾದ ಆಯ್ಕೆಯೇ?
— ಓದುಗ ದಂಪತಿ, ದಾವಣಗೆರೆ

ನಿಮ್ಮ ಅತ್ತೆಯವರ ಮಂಡಿಯ ಪರವಾಗಿ ಹೇಳುತ್ತೇನೆ: ಬೇಡ.

ನೀಮ್ರಾಣಾ ಕೆಟ್ಟ ಜಾಗ ಎಂದಲ್ಲ. ದೆಹಲಿಯಿಂದ ಜೈಪುರದ ಹೆದ್ದಾರಿಯಲ್ಲಿ ಸುಮಾರು 120 ಕಿಲೋಮೀಟರ್ ದೂರದಲ್ಲಿ, ಅರಾವಳಿಯ ಗುಡ್ಡವೊಂದರ ಮಗ್ಗುಲಿಗೆ ಅಂಟಿಕೊಂಡಂತೆ ಕಟ್ಟಿದ ಕೋಟೆ ಅದು. 1464ರಷ್ಟು ಹಳೆಯದು. 1947ರ ಹೊತ್ತಿಗೆ ಗೋಡೆಗಳು ಕುಸಿಯತೊಡಗಿ ರಾಜಮನೆತನವೇ ಅದನ್ನು ತೊರೆದು ಗುಡ್ಡವಿಳಿಯಿತು. ಮುಂದಿನ ನಾಲ್ಕು ದಶಕ ಅಲ್ಲಿ ವಾಸವಿದ್ದದ್ದು ಬಾವಲಿಗಳು. 1986ರಲ್ಲಿ ಅಮನ್ ನಾಥ್ ಮತ್ತು ಫ್ರಾನ್ಸಿಸ್ ವಾಕ್ಜಿಯಾರ್ಗ್ ಆ ಪಾಳನ್ನು ಕೊಂಡು ದುರಸ್ತಿಗೆ ಕೈಹಚ್ಚಿದರು, 1991ರಲ್ಲಿ ಅತಿಥಿಗಳಿಗೆ ಬಾಗಿಲು ತೆರೆದರು. ಪಾಳುಬಿದ್ದ ಕೋಟೆಯನ್ನೂ ಬದುಕಿಸಬಹುದು ಎಂದು ದೇಶಕ್ಕೆ ತೋರಿಸಿಕೊಟ್ಟವರಲ್ಲಿ ಅವರು ಮೊದಲಿಗರು.

ಆದರೆ ಗುಡ್ಡದ ಇಳಿಜಾರಿನಲ್ಲಿ ಅಂತಸ್ತಿನ ಮೇಲೆ ಅಂತಸ್ತು ಏರಿಸಿದ ಕಟ್ಟಡದಲ್ಲಿ ಸಮತಟ್ಟಾದ ನೆಲ ಎಂಬುದು ಅಪರೂಪ. ಕೋಣೆಯಿಂದ ಊಟಕ್ಕೆ ಹೋಗಬೇಕಾದರೆ ಒಂದಷ್ಟು ಮೆಟ್ಟಿಲು ಇಳಿದು, ಅಂಗಳ ದಾಟಿ, ಇನ್ನಷ್ಟು ಮೆಟ್ಟಿಲು ಹತ್ತಬೇಕು. ನಾನು ಉಳಿದಿದ್ದ ಕೋಣೆಯಲ್ಲಂತೂ ಹಾಸಿಗೆ ಕೆಳಗೆ, ಬಚ್ಚಲು ಮೇಲೆ. ನಡುವೆ ಕಡಿದಾದ ಕಲ್ಲಿನ ಮೆಟ್ಟಿಲು. ನಡುರಾತ್ರಿ ಮೊಬೈಲಿನ ಬೆಳಕು ಹಿಡಿದು ಏರುವಾಗ ಚೌಕಟ್ಟಿನ ಮೇಲಿನ ಕಲ್ಲು ಹಣೆಗೆ ತಾಗಿತು. ಬೆಳಿಗ್ಗೆ ನೋಡಿದರೆ ಆ ಕಲ್ಲಿನ ಅಂಚು ಎಣ್ಣೆ ಸವರಿದಂತೆ ನುಣುಪಾಗಿತ್ತು. ನನಗಿಂತ ಮೊದಲು ಎಷ್ಟೋ ಜನ ಅಲ್ಲಿ ಹಣೆಯೊತ್ತಿ ಹೋಗಿದ್ದಾರೆ. ನನಗೆ ಅದು ಹಿಡಿಸಿತು. ಮಂಡಿನೋವಿನವರಿಗೆ ಹಿಡಿಸುವುದಿಲ್ಲ.

ಚಳಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಮೇ ತಿಂಗಳ ಬಿಸಿಲನ್ನು ತಡೆಯಲೆಂದು ಕಟ್ಟಿದ ದಪ್ಪ ಗೋಡೆ ಡಿಸೆಂಬರ್‌ನ ಥಂಡಿಯನ್ನು ಹಗಲಿಡೀ ಒಳಗೇ ಹಿಡಿದಿಟ್ಟುಕೊಳ್ಳುತ್ತದೆ. ಕೋಣೆಯಲ್ಲಿ ಹೀಟರ್ ಇದೆಯೇ, ಬಿಸಿನೀರು ಎಷ್ಟು ಹೊತ್ತು ಬರುತ್ತದೆ ಎಂದು ಮುಂಚೆಯೇ ಫೋನ್ ಮಾಡಿ ಕೇಳಿ.

ಹೀಗೆ ಮಾಡಬಹುದು. ಉಳಿಯದವರೂ ಟಿಕೆಟ್ ಪಡೆದು ಹಗಲಿನಲ್ಲಿ ನೀಮ್ರಾಣಾ ನೋಡಬಹುದು. ದಾರಿಯಲ್ಲಿ ಇಳಿದು, ಅತ್ತೆಯವರನ್ನು ಕೆಳಗಿನ ಅಂಗಳದಲ್ಲಿ ಚಹಾದೊಂದಿಗೆ ಕೂರಿಸಿ, ನೀವಿಬ್ಬರೂ ಮೇಲಕ್ಕೆ ಹತ್ತಿ ಬನ್ನಿ. ಊರೊಳಗಿನ ಒಂಬತ್ತು ಅಂತಸ್ತಿನ ಹಳೆಯ ಮೆಟ್ಟಿಲುಬಾವಿಯನ್ನು ಮೇಲಿನ ಕಟ್ಟೆಯಿಂದಲೇ ಅವರಿಗೂ ತೋರಿಸಬಹುದು. ರಾತ್ರಿಗೆ ಜೈಪುರ ತಲುಪಿ, ಹೋಟೆಲಾಗಿರುವ ಹವೇಲಿಯೊಂದರಲ್ಲಿ ನೆಲಮಹಡಿಯ ಕೋಣೆ ಕೇಳಿ. ಹವೇಲಿಗಳನ್ನು ಜನ ಸುಖವಾಗಿರಲೆಂದು ಕಟ್ಟಿದ್ದು, ಕೋಟೆಗಳನ್ನು ಶತ್ರು ಹತ್ತದಿರಲೆಂದು. ಈ ವ್ಯತ್ಯಾಸ ಮೊದಲು ತಿಳಿಯುವುದು ಕಾಲಿಗೆ.

ಇಷ್ಟಾಗಿಯೂ ಕೋಟೆಯೇ ಬೇಕೆಂದರೆ ಎರಡು ರಾತ್ರಿ ಬೇಡ, ಒಂದು ಸಾಕು. ಆದರೆ ಮಧ್ಯಾಹ್ನವೇ ತಲುಪಿ. ಕತ್ತಲಾದ ಮೇಲೆ ಬಂದು ಬೆಳಿಗ್ಗೆ ಎಂಟಕ್ಕೆ ಹೊರಡುವವರು ಕೋಟೆಯ ಬಾಡಿಗೆ ಕೊಟ್ಟು ಲಾಡ್ಜಿನಲ್ಲಿ ಮಲಗಿದಂತೆ. ಕಾಯ್ದಿರಿಸುವಾಗ ಇನ್ನೊಂದು ಮಾತು ಮರೆಯದೆ ಕೇಳಿ: ‘ಆ ದಿನ ನಿಮ್ಮಲ್ಲಿ ಮದುವೆ ಇದೆಯೇ?’ ಇಂಥ ಹೋಟೆಲುಗಳ ಆದಾಯದಲ್ಲಿ ಮದುವೆಗಳ ಪಾಲು ದೊಡ್ಡದು. ಡಿಸೆಂಬರ್ ಅಲ್ಲಿ ಲಗ್ನದ ಕಾಲ. ಕಲ್ಲಿನ ಅಂಗಳದಲ್ಲಿ ಡೋಲು ಬಡಿದರೆ ಸದ್ದು ಎಲ್ಲಿಗೂ ಹೋಗುವುದಿಲ್ಲ, ಅಲ್ಲೇ ಸುತ್ತುತ್ತದೆ.

ಆರು ತಿಂಗಳ ಕೆಲಸಕ್ಕೆಂದು ಜರ್ಮನಿಗೆ ಬಂದಿದ್ದೇನೆ. ಕೋಟೆಯಲ್ಲಿ ಒಮ್ಮೆ ಮಲಗಬೇಕೆಂಬುದು ಚಿಕ್ಕಂದಿನ ಆಸೆ. ಆದರೆ ನೋಡಿದ ಹೋಟೆಲುಗಳೆಲ್ಲ ಕೈಗೆಟುಕದಂತಿವೆ. ದಾರಿಯಿದೆಯೇ?
— ಬೆಂಗಳೂರಿನ ತಂತ್ರಜ್ಞ, ಸದ್ಯ ಫ್ರಾಂಕ್‌ಫರ್ಟ್

ನಿಮಗಿರುವಷ್ಟು ಒಳ್ಳೆಯ ದಾರಿ ಬೇರೆ ಯಾರಿಗೂ ಇಲ್ಲ. ರೈಲು ಹಿಡಿದು ರೈನ್ ನದಿಯ ದಡದ ಬಾಖರಾಖ್ ಎಂಬ ಪುಟ್ಟ ಊರಿಗೆ ಹೋಗಿ. ಊರಿನ ನೆತ್ತಿಯ ಮೇಲೆ ಸ್ಟಾಲೆಕ್ ಕೋಟೆ ಇದೆ. ಹನ್ನೆರಡನೆಯ ಶತಮಾನದಷ್ಟು ಹಿಂದಿನಿಂದಲೇ ದಾಖಲೆಗಳಲ್ಲಿ ಕಾಣುವ ಈ ಕೋಟೆಯನ್ನು 1689ರಲ್ಲಿ ಫ್ರೆಂಚ್ ಸೈನ್ಯ ಸಿಡಿಮದ್ದಿಟ್ಟು ಕೆಡವಿತು. ಎರಡು ಶತಮಾನಕ್ಕೂ ಹೆಚ್ಚು ಕಾಲ ಹಾಳು ಸುರಿದ ಮೇಲೆ 1925ರಲ್ಲಿ ಮರುನಿರ್ಮಾಣಕ್ಕೆ ಕೈಹಾಕಿದ್ದು ಯಾವ ದೊರೆಗೂ ಅಲ್ಲ, ಯುವ ಪ್ರವಾಸಿಗರ ವಸತಿಗಾಗಿ. ಇಂದಿಗೂ ಅದು ಯೂತ್ ಹಾಸ್ಟೆಲ್. ಅಂದರೆ ಒಂದರ ಮೇಲೊಂದು ಮಂಚ, ಹಂಚಿಕೊಳ್ಳುವ ಕೋಣೆ, ಬೆಳಗಿನ ತಿಂಡಿ, ಕಿಟಕಿಯಾಚೆ ರೈನ್. ಪಕ್ಕದ ಬೆಟ್ಟಗಳ ಕೋಟೆ ಹೋಟೆಲುಗಳಲ್ಲಿ ಹಣ ಸುರಿದವರೂ ನೋಡುವುದು ಇದೇ ನದಿಯನ್ನು.

ಉಳಿಯಲು ಹಾಸ್ಟೆಲ್ ಸಂಘದ ಸದಸ್ಯತ್ವ ಬೇಕು. ಭಾರತದ ಯೂತ್ ಹಾಸ್ಟೆಲ್ಸ್ ಅಸೋಸಿಯೇಷನ್ ಕೊಡುವ ಅಂತರರಾಷ್ಟ್ರೀಯ ಮಾನ್ಯತೆಯ ಕಾರ್ಡ್ ನಡೆಯುತ್ತದೆ. ಊರಿನ ಚರ್ಚಿನ ಬಳಿಯಿಂದ ಮೇಲಕ್ಕೆ ಕಾಲುದಾರಿ ಇದೆ. ನಡುವೆ ಕೆಂಪು ಕಲ್ಲಿನ, ಚಾವಣಿಯಿಲ್ಲದ ಹಳೆಯ ಪ್ರಾರ್ಥನಾಲಯವೊಂದು ಸಿಗುತ್ತದೆ. ಏದುಸಿರು ಬಿಡಲು ತಕ್ಕ ಜಾಗ. ಚಕ್ರದ ಸೂಟ್‌ಕೇಸ್ ಬೇಡ, ಬೆನ್ನಿನ ಚೀಲವೇ ಸರಿ. ಕಿವಿಗೆ ಹತ್ತಿಯನ್ನೂ ಒಯ್ಯಿರಿ. ರೈನ್ ಕಣಿವೆಯ ಎರಡೂ ದಡಗಳಲ್ಲಿ ರೈಲು ಹಳಿಗಳಿವೆ, ಗೂಡ್ಸ್ ಗಾಡಿಗಳು ರಾತ್ರಿಯಿಡೀ ಓಡುತ್ತವೆ. ಪಟದಲ್ಲಿ ಕಾಣುವ ಪ್ರಶಾಂತ ಕಣಿವೆಯ ಸದ್ದನ್ನು ಯಾವ ಪಟವೂ ಹೇಳುವುದಿಲ್ಲ.

ನ್ಯೂರೆಂಬರ್ಗ್ ಕಡೆ ಹೋದರೆ ಅಲ್ಲಿನ ಸಾಮ್ರಾಟರ ಕೋಟೆಯ ಕುದುರೆ ಲಾಯವೂ ಹಾಸ್ಟೆಲೇ. ಹದಿನೈದನೆಯ ಶತಮಾನದ ಕೊನೆಯಲ್ಲಿ ಧಾನ್ಯದ ಕಣಜವಾಗಿ ಕಟ್ಟಿದ ಭಾರೀ ಕಟ್ಟಡ ಅದು.

ಮಗ ಎಡಿನ್‌ಬರೋದಲ್ಲಿದ್ದಾನೆ. ಬೇಸಿಗೆಯಲ್ಲಿ ನಮ್ಮನ್ನು ಕರೆಸಿಕೊಂಡು ‘ಡಾಲ್‌ಹೌಸಿ ಕ್ಯಾಸಲ್’ ಎಂಬ ಹೋಟೆಲಿನಲ್ಲಿ ಒಂದು ರಾತ್ರಿ ಉಳಿಸುತ್ತೇನೆ ಎನ್ನುತ್ತಾನೆ. ನಾನು ಮೂವತ್ತು ವರ್ಷ ಶಾಲೆಯಲ್ಲಿ ಇತಿಹಾಸ ಪಾಠ ಮಾಡಿದವನು. ಇದು ಆ ಡಾಲ್‌ಹೌಸಿಯದ್ದೇ ಮನೆಯೇ? ಹೌದಾದರೆ ಅಲ್ಲಿ ಮಲಗಲು ಮನಸ್ಸು ಒಪ್ಪುತ್ತಿಲ್ಲ.
— ನಿವೃತ್ತ ಶಿಕ್ಷಕರು, ಬೈಲಹೊಂಗಲ

ಹೌದು ಮೇಷ್ಟ್ರೇ, ಆ ಡಾಲ್‌ಹೌಸಿಯದ್ದೇ. ಬೈಲಹೊಂಗಲದಿಂದ ಈ ಪ್ರಶ್ನೆ ಬರದಿದ್ದರೆ ಇನ್ನೆಲ್ಲಿಂದ ಬರಬೇಕು.

ಎಡಿನ್‌ಬರೋದ ದಕ್ಷಿಣಕ್ಕೆ, ಎಸ್ಕ್ ಹೊಳೆಯ ಮೇಲಿನ ಆ ಕೆಂಪು ಕಲ್ಲಿನ ಕೋಟೆ ರಾಮ್ಸೆ ಮನೆತನದ್ದು. ಬೇರು ಹದಿಮೂರನೆಯ ಶತಮಾನದ್ದು. 1848ರಿಂದ 1856ರವರೆಗೆ ಗವರ್ನರ್ ಜನರಲ್ ಆಗಿದ್ದ ಜೇಮ್ಸ್ ಬ್ರೌನ್-ರಾಮ್ಸೆ 1812ರಲ್ಲಿ ಹುಟ್ಟಿದ್ದು ಅಲ್ಲೇ, 1860ರ ಡಿಸೆಂಬರ್‌ನಲ್ಲಿ ಸತ್ತದ್ದೂ ಅಲ್ಲೇ. ಸ್ವಂತ ಗಂಡು ಸಂತಾನವಿಲ್ಲದ ರಾಜರ ದತ್ತುಪುತ್ರರನ್ನು ಒಪ್ಪದೆ ಸಾತಾರಾ, ಝಾನ್ಸಿ, ನಾಗಪುರಗಳನ್ನು ಆತ ಕಂಪನಿಯ ಲೆಕ್ಕಕ್ಕೆ ಬರೆದುಕೊಂಡದ್ದನ್ನು ನೀವು ನನಗಿಂತ ಚೆನ್ನಾಗಿ ಪಾಠ ಮಾಡಿದ್ದೀರಿ. ಕಿತ್ತೂರಿನಲ್ಲಿ ಅದೇ ತಂತ್ರ ನಡೆದಾಗ ಆತನಿನ್ನೂ ಹನ್ನೆರಡರ ಹುಡುಗ. 1824ರಲ್ಲಿ ಶಿವಲಿಂಗಪ್ಪನ ದತ್ತಕವನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ತಳ್ಳಿಹಾಕಿದ. ಅದರ ಫಲವಾಗಿಯೇ ಕಿತ್ತೂರಿನ ಬಾಗಿಲಲ್ಲಿ ಪ್ರಾಣ ಬಿಟ್ಟ. ಚೆನ್ನಮ್ಮ 1829ರಲ್ಲಿ ಕಣ್ಣುಮುಚ್ಚಿದ್ದು ನಿಮ್ಮೂರಿನ ಸೆರೆಯಲ್ಲಿ. ಅಂದರೆ ದತ್ತಕ ಒಪ್ಪದೆ ರಾಜ್ಯ ನುಂಗುವ ಆ ನೀತಿಗೆ ಡಾಲ್‌ಹೌಸಿಯ ಹೆಸರು ಅಂಟಿತೇ ಹೊರತು ಹಸಿವು ಮೊದಲೇ ಇತ್ತು.

ಇನ್ನು, ನಿಮ್ಮ ಮನಸ್ಸು ಒಪ್ಪುವುದು ಬಿಡುವುದು ನಿಮಗೆ ಸೇರಿದ್ದು. ಆದರೆ ಹೊರಡುವ ಮುನ್ನ ಇಷ್ಟನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ. ಪಂಜಾಬನ್ನು ಕಂಪನಿಗೆ ಸೇರಿಸಿದ್ದಕ್ಕಾಗಿ 1849ರಲ್ಲಿ ಬ್ರಿಟನ್ ಆತನಿಗೆ ಮಾರ್ಕ್ವಿಸ್ ಪದವಿ ಕೊಟ್ಟಿತು. ಆತನಿಗೆ ಇಬ್ಬರು ಹೆಣ್ಣುಮಕ್ಕಳು, ಗಂಡು ಸಂತಾನವಿಲ್ಲ. ಸತ್ತ ದಿನವೇ ಆ ಪದವಿ ಅಳಿದುಹೋಯಿತು. ಹಿಂದಿನಿಂದ ಬಂದಿದ್ದ ಅರ್ಲ್ ಪದವಿ ದಾಯಾದಿಯೊಬ್ಬನ ಪಾಲಾಯಿತು. ಝಾನ್ಸಿಗೆ ಆತ ಹೇಳಿದ ಕಾನೂನನ್ನೇ ಆತನ ದೇಶದ ಕಾನೂನು ಆತನಿಗೂ ಹೇಳಿತು. ಕೋಟೆಯೂ ಉಳಿಯಲಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಕೆಲಕಾಲ ಶಾಲೆಯಾಗಿ, 1970ರ ದಶಕದಲ್ಲಿ ಹೋಟೆಲಾಯಿತು. ಈಗ ದುಡ್ಡು ಕೊಟ್ಟವರಿಗೆ, ಅಂದರೆ ನಿಮ್ಮ ಮಗನಿಗೆ, ಬೀಗದ ಕೈ ಕೊಡುತ್ತಾರೆ. ಬೈಲಹೊಂಗಲದ ಇತಿಹಾಸದ ಮೇಷ್ಟ್ರು ಆ ಬಾಗಿಲಲ್ಲಿ ನಿಂತು ‘ನನ್ನ ಸಾಮಾನು ಮೇಲಕ್ಕೆ ತಲುಪಿಸಿ’ ಎನ್ನುವುದನ್ನು ಕೇಳಿಸಿಕೊಳ್ಳಲು ನನಗಂತೂ ಬಹಳ ಆಸೆ.

ಹೋದರೆ ಹತ್ತಿರದ ಕಾಕ್‌ಪೆನ್ ಚರ್ಚಿನ ಅಂಗಳವನ್ನೂ ನೋಡಿ, ಆತನ ಸಮಾಧಿ ಅಲ್ಲಿದೆ. ಬೇಸಿಗೆಯಾದರೂ ಉಣ್ಣೆಯ ಸ್ವೆಟರ್ ಇರಲಿ. ಹಳೆಯ ಗೋಪುರದೊಳಗಿನ ಕೋಣೆ ಬೇಕೇ, ಆಚೆ ಕಟ್ಟಿದ ಹೊಸ ಭಾಗದ್ದೇ ಎಂದು ಮಗ ಮೊದಲೇ ಸ್ಪಷ್ಟಪಡಿಸಿಕೊಳ್ಳಲಿ. ಇದು ಎಲ್ಲ ಕೋಟೆ ಹೋಟೆಲುಗಳಿಗೂ ಅನ್ವಯಿಸುವ ಮಾತು. ಕಡಿಮೆ ದರದ ಕೋಣೆ ಅನೇಕ ಸಲ ಹಿತ್ತಲಿನ ಹೊಸ ಕಟ್ಟಡದಲ್ಲಿರುತ್ತದೆ. ಅಲ್ಲಿಂದ ಕೋಟೆ ಚೆನ್ನಾಗಿ ಕಾಣುತ್ತದೆ, ಅಷ್ಟೆ.

ಇಂಥ ಕೋಟೆಗಳಲ್ಲಿ ನಿಜವಾಗಿ ಹಳೆಯದು ಎಷ್ಟು? ಎಲ್ಲ ಪ್ಲಾಸ್ಟರು ಬಣ್ಣವೇ ಎಂದು ನನ್ನ ಗೆಳೆಯ ಹೀಯಾಳಿಸುತ್ತಾನೆ.
— ಓದುಗರು, ಮೈಸೂರು

ನಿಮ್ಮ ಗೆಳೆಯರು ಅರ್ಧ ಸರಿ. ಮೇಲೆ ಹೇಳಿದ ಸ್ಟಾಲೆಕ್‌ನ ಬಹುಭಾಗ ಇಪ್ಪತ್ತನೆಯ ಶತಮಾನದ್ದು. ಜರ್ಮನಿಯ ವಾರ್ಟ್‌ಬರ್ಗ್ ಕೋಟೆಯಲ್ಲಿ ಮಾರ್ಟಿನ್ ಲೂಥರ್ 1521–22ರಲ್ಲಿ ಅಡಗಿ ಕುಳಿತು ಹೊಸ ಒಡಂಬಡಿಕೆಯನ್ನು ಜರ್ಮನ್ ಭಾಷೆಗೆ ತಂದ. ಆ ಹೆಸರಿನ ಹೋಟೆಲಿನಲ್ಲಿ ಉಳಿದವರು ಲೂಥರನ ಕೋಟೆಯಲ್ಲಿ ಮಲಗಿದೆವು ಎಂದು ಊರೆಲ್ಲ ಹೇಳಿಕೊಳ್ಳುತ್ತಾರೆ. ಹೋಟೆಲು ಕೋಟೆಯ ಮಗ್ಗುಲಿನ ಬೇರೆ ಕಟ್ಟಡ, 1914ರದ್ದು.

ಸ್ಪೇನ್ ಇನ್ನೂ ಮಜಾ. ಅಲ್ಲಿ ಸರ್ಕಾರವೇ ಹಳೆಯ ಕೋಟೆ, ಮಠ, ಅರಮನೆಗಳಲ್ಲಿ ‘ಪಾರಾದೋರ್’ ಎಂಬ ಹೋಟೆಲುಗಳನ್ನು ನಡೆಸುತ್ತದೆ. ಮೊದಲನೆಯದು 1928ರಲ್ಲಿ ಗ್ರೆದೋಸ್ ಬೆಟ್ಟದಲ್ಲಿ ಆರಂಭವಾಯಿತು. ಕೋಟೆಯಲ್ಲಿ ಹೋಟೆಲು ಮಾಡುವ ಪರಿಪಾಠ ಎರಡು ವರ್ಷಗಳ ನಂತರ ಒರೊಪೆಸಾದಲ್ಲಿ ಶುರುವಾಯಿತು. ಕಾರ್ದೋನಾ, ಸಿಗುಯೆಂಜಾಗಳಲ್ಲಿ ನಿಜವಾದ ಮಧ್ಯಯುಗದ ಕೋಟೆಗಳಿವೆ. ಆದರೆ ಹಾಯೆನ್ ಎಂಬ ಊರಿನ ಬೆಟ್ಟದ ಮೇಲಿನ ಪಾರಾದೋರ್‌ನ ಎತ್ತರದ ಕಮಾನು, ಕಲ್ಲಿನ ಹಜಾರ ನೋಡಿ ಬಾಯಿ ತೆರೆಯುವವರಿಗೆ ಅದು 1960ರ ದಶಕದ್ದು ಎಂದು ಹೇಳಿದರೆ ನಂಬುವುದಿಲ್ಲ. ನಿಜವಾದ ಕೋಟೆ ಪಕ್ಕದಲ್ಲಿ ಹಾಗೇ ಇದೆ, ಅಲ್ಲಿ ಯಾರೂ ಮಲಗುವುದಿಲ್ಲ.

ನನ್ನ ಮಟ್ಟಿಗೆ ಇದು ಮೋಸವಲ್ಲ. ಹಳೆಯದನ್ನು ಕೊರೆದು ಕೊಳಾಯಿ ಕೂರಿಸುವುದಕ್ಕಿಂತ ಪಕ್ಕದಲ್ಲಿ ಹೊಸದು ಕಟ್ಟುವುದು ಮೇಲು. ಆದರೆ ಹೋಗುವವನಿಗೆ ತಾನು ಯಾವುದಕ್ಕೆ ದುಡ್ಡು ಕೊಡುತ್ತಿದ್ದೇನೆ ಎಂದು ತಿಳಿದಿರಬೇಕು. ನಿಮ್ಮ ಮೈಸೂರಿನಲ್ಲೇ ಉದಾಹರಣೆ ಇದೆಯಲ್ಲ: ಲಲಿತಮಹಲನ್ನು ‘ಪ್ರಾಚೀನ ಅರಮನೆ’ ಎಂದು ಹೊರಗಿನವರು ಬರೆಯುತ್ತಾರೆ. ನಾಲ್ವಡಿಯವರು 1921ರಲ್ಲಿ ಶಂಕುಸ್ಥಾಪನೆ ಮಾಡಿ ವೈಸ್‌ರಾಯ್‌ಗಳ ತಂಗುದಾಣಕ್ಕೆಂದು ಕಟ್ಟಿಸಿದ್ದು ಅದು. ಅತಿಥಿಗಳಿಗಾಗಿಯೇ ಕಟ್ಟಿದ ಮನೆ 1974ರಲ್ಲಿ ಹೋಟೆಲಾದದ್ದು ಬದಲಾವಣೆ ಎನ್ನುವುದಕ್ಕಿಂತ ಬಡ್ತಿ ಎನ್ನಬಹುದು.

ರಾಜಸ್ಥಾನದಲ್ಲಿ ಊರಿಗೊಂದು ಕೋಟೆ ಹೋಟೆಲಿದೆ. ನಮ್ಮ ಚಿತ್ರದುರ್ಗದಲ್ಲಿ ಯಾಕಿಲ್ಲ? ಸರ್ಕಾರಕ್ಕೆ ಬುದ್ಧಿಯಿಲ್ಲವೇ?
— ಓದುಗರು, ಹೊಸದುರ್ಗ

ಸರ್ಕಾರದ ಬುದ್ಧಿಯ ವಿಚಾರ ಈ ಅಂಕಣಕ್ಕೆ ದೊಡ್ಡದಾಯಿತು. ಕಾರಣ ಅದಕ್ಕಿಂತ ಹಳೆಯದು. ರಜಪೂತ ರಾಜರು 1817–18ರ ಸುಮಾರಿಗೆ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡು ತಮ್ಮ ಕೋಟೆಗಳಲ್ಲೇ ಉಳಿದರು. ಅವರ ಕೆಳಗಿನ ಠಾಕೂರರೂ ತಮ್ಮ ತಮ್ಮ ಗಢಗಳಲ್ಲಿ ಉಳಿದರು. ನಮ್ಮಲ್ಲಿ ಚಿತ್ರದುರ್ಗ 1779ರಲ್ಲಿ ಹೈದರನ ಕೈಸೇರಿತು, ಮದಕರಿ ನಾಯಕ ಸೆರೆಯಾದ. ಆಮೇಲೆ ಅಲ್ಲಿದ್ದದ್ದು ಸೈನಿಕರ ಠಾಣ್ಯ, ಸಂಸಾರವಲ್ಲ. ಒಲೆ ಉರಿಯದ ಕೋಟೆ ಬೇಗ ಹಾಳಾಗುತ್ತದೆ. ಕೊನೆಗೆ ಅದು ಪುರಾತತ್ವ ಇಲಾಖೆಯ ರಕ್ಷಣೆಗೆ ಬಂತು. 1958ರ ಸ್ಮಾರಕ ಕಾಯ್ದೆಯಡಿ ರಕ್ಷಿತವಾದ ಅಂಥ ಜಾಗದಲ್ಲಿ ಒಂದು ಮೊಳೆ ಹೊಡೆಯಲೂ ಅನುಮತಿ ಬೇಕು, ಹೋಟೆಲಿನ ಮಾತು ದೂರ.

ರಾಜಸ್ಥಾನದ ಕಥೆ ಸ್ವಾತಂತ್ರ್ಯದ ನಂತರ ತಿರುಗಿತು. 1952ರ ಕಾಯ್ದೆ ಜಾಗೀರುಗಳನ್ನು ಕಿತ್ತುಕೊಂಡಿತು, 1971ರಲ್ಲಿ ರಾಜಧನವೂ ನಿಂತಿತು. ಆದಾಯ ಹೋಯಿತು, ಮನೆ ಉಳಿಯಿತು. ಸೋರುವ ಚಾವಣಿಯೇ ಎಕರೆಗಟ್ಟಲೆ! ಜೈಪುರದ ಮಹಾರಾಜ 1957ರಲ್ಲೇ ರಾಮ್‌ಬಾಗ್ ಅರಮನೆಯನ್ನು ಹೋಟೆಲು ಮಾಡಿದ್ದು ನೋಡಿ ಬಂಧುಬಳಗ ಮೂಗುಮುರಿದಿತ್ತು. ಆಮೇಲೆ ಒಬ್ಬೊಬ್ಬರೇ ಅದೇ ಹಾದಿ ಹಿಡಿದರು. ಇಂದಿಗೂ ಚಿಕ್ಕ ಗಢಗಳಲ್ಲಿ ಮಾಲೀಕರ ಕುಟುಂಬ ಒಂದು ಮಗ್ಗುಲಲ್ಲಿ ವಾಸವಿದೆ. ಆಯ್ಕೆ ನಿಮ್ಮದಾದರೆ ಅಂಥದ್ದನ್ನೇ ಹುಡುಕಿ. ರಾತ್ರಿ ಊಟದ ಹೊತ್ತಿಗೆ ಮನೆಯ ಹಿರಿಯರು ಬಂದು ಪಕ್ಕದಲ್ಲಿ ಕೂತು, ಗೋಡೆಯ ಮೇಲಿನ ಪಟಗಳಲ್ಲಿ ಯಾರು ಯಾರಿಗೆ ಏನಾಗಬೇಕು ಎಂದು ಹೇಳತೊಡಗಿದರೆ ಸಿಹಿ ತಣ್ಣಗಾದರೂ ಎದ್ದು ಬರಲು ಮನಸ್ಸಾಗುವುದಿಲ್ಲ.

ಚಿತ್ರದುರ್ಗದ ಏಳುಸುತ್ತಿನೊಳಗೆ ಎಸಿಗಳ ಡಬ್ಬಗಳು ನೇತಾಡುತ್ತಿಲ್ಲ ಎಂಬುದು ನನಗೆ ಸಮಾಧಾನದ ವಿಷಯವೇ. ಹತ್ತಿರದಲ್ಲಿ ಕೋಟೆಯ ವಾಸ ಬೇಕೆಂದರೆ ಪುಣೆಯ ಹೊರವಲಯದ ಜಾಧವಗಢ ಇದೆ. ಶಾಹು ಮಹಾರಾಜರ ಸರದಾರ ಪಿಲಾಜಿ ಜಾಧವರಾವ್ 1710ರಲ್ಲಿ ಕಟ್ಟಿಸಿದ ಗಢಿ ಅದು. ನಿಮ್ಮೂರಿನಿಂದ ರಾತ್ರಿ ಬಸ್ಸಿನ ದೂರ.

ಒಂಬತ್ತು ವರ್ಷದ ಮಗಳಿಗೆ ಕೋಟೆ ಎಂದರೆ ದೆವ್ವ. ಇಂಗ್ಲೆಂಡಿನಲ್ಲಿ ಥಾರ್ನ್‌ಬರಿ ಕೋಟೆಗೆ ಕರೆದುಕೊಂಡು ಹೋಗಬಹುದೇ?
— ತಾಯಿ, ಸಾಗರ

ದೆವ್ವದ ಹೊಣೆ ನನ್ನದಲ್ಲ. ಆದರೆ ಅಲ್ಲಿನ ನಿಜವಾದ ಕಥೆಯನ್ನು ಮಗಳು ಮಲಗುವ ಮುನ್ನ ಹೇಳಬೇಡಿ. ಆ ಮನೆಯನ್ನು 1511ರಲ್ಲಿ ಕಟ್ಟಲು ತೊಡಗಿದ ಬಕಿಂಗ್‌ಹ್ಯಾಮ್ ಡ್ಯೂಕ್‌ನ ತಲೆಯನ್ನು ಎಂಟನೆಯ ಹೆನ್ರಿ ಹತ್ತು ವರ್ಷಗಳಲ್ಲಿ ತೆಗೆಸಿದ, ಮನೆಯನ್ನೂ ತಾನೇ ಇಟ್ಟುಕೊಂಡ. 1535ರಲ್ಲಿ ಹೆಂಡತಿ ಆನ್ ಬೊಲಿನ್ ಜೊತೆ ಅಲ್ಲಿ ಬಂದು ಉಳಿದ. ಮರುವರ್ಷ ಮೇ ತಿಂಗಳಲ್ಲಿ ಆಕೆಯ ತಲೆಯೂ ಹೋಯಿತು. ಹಗಲಿನಲ್ಲಿ ತೋಟದಲ್ಲಿ ಓಡಾಡಿಸಿ. ರಾತ್ರಿ ಮಂಚದ ಬಳಿ ಒಂದು ಸಣ್ಣ ದೀಪ ಹಚ್ಚಿಡಿ. ಭಯಕ್ಕಲ್ಲ, ಅಪರಿಚಿತ ಮೆಟ್ಟಿಲುಗಳಿಗಾಗಿ.

ಸಸ್ಯಾಹಾರಿಗಳು ಯುರೋಪಿನ ಕೋಟೆಗಳಲ್ಲಿ ಏನು ತಿನ್ನಬೇಕು?
— ಓದುಗರು, ಉಡುಪಿ

ಕಾಯ್ದಿರಿಸುವಾಗಲೇ ಬರೆದು ತಿಳಿಸಿ, ಹಿಂದಿನ ದಿನ ಇನ್ನೊಮ್ಮೆ ನೆನಪಿಸಿ. ‘ಮೀನು, ಕೋಳಿ, ಮಾಂಸದ ಸಾರು ಯಾವುದೂ ಬೇಡ’ ಎಂದು ಬಿಡಿಸಿ ಹೇಳಿ. ಸ್ಪೇನಿನ ಕೆಲವೆಡೆ ತರಕಾರಿ ಸೂಪಿನ ಮೇಲೂ ಹಂದಿಮಾಂಸದ ಚೂರು ಉದುರಿಸುತ್ತಾರೆ. ಬ್ರಿಟನ್ನಿನಲ್ಲಿ ತೊಂದರೆಯಿಲ್ಲ. ಜರ್ಮನಿಯ ಹಾಸ್ಟೆಲುಗಳಲ್ಲಿ ರಾತ್ರಿ ಊಟ ಬೇಗ ಮುಗಿಯುತ್ತದೆ, ಸಂಜೆ ಆರರ ಒಳಗೆ ಬೆಟ್ಟ ಹತ್ತಿರಿ. ಕೋಟೆಗಳು ಊರಿನಿಂದ ದೂರ, ಎತ್ತರದಲ್ಲಿರುವುದರಿಂದ ತಡವಾದರೆ ಎದುರಿನ ಅಂಗಡಿಗೆ ಹೋಗಿ ಬರುತ್ತೇನೆ ಎನ್ನುವಂತಿಲ್ಲ. ಎದುರಿಗೆ ಅಂಗಡಿ ಇರುವುದಿಲ್ಲ, ಕಂದಕ ಇರುತ್ತದೆ. ಅವಲಕ್ಕಿ, ಚಟ್ನಿಪುಡಿ ಚೀಲದ ಮೇಲ್ಗಡೆಯೇ ಇರಲಿ.